ವೈರಿಯ ಕಣ್ಣನ್ನು ತನ್ನತ್ತ ಸೆಳೆಯುವ ವಿದ್ಯೆ

ಬೇಸಗೆಯ ಕೊನೆಯ ದಿನಗಳಲ್ಲಿ ಬೆಳಗಾವಿ ಜಿಲ್ಲೆಯ ಕಲ್ಲೋಳಿಯ ಸುತ್ತಿನ ಹೊಲಗಳಲ್ಲಿ ನಡೆದಾಡಿದವರಿಗೆ ಒಂದು ಅನುಭವ ಆಗದೆ ಇರುವುದಿಲ್ಲ. ಒಂದು ಕಡೆ ನೀರುಂಡ ಕಬ್ಬಿನ ಹಸಿರು. ಇನ್ನೊಂದು ಕಡೆ ಮುಂಗಾರು ಮಳೆಗಾಗಿ ಕಾದು ಬಿದ್ದಿರುವ ಬರಿಯ ನೆಲ. ಆ ಬರಿಯ ನೆಲದಲ್ಲಿ ನಾಲ್ಕು ಹೆಜ್ಜೆ ಇಟ್ಟೆವೋ ಇಲ್ಲವೋ, ಒಂದು ಹಕ್ಕಿ ಕರ್ಕಶವಾಗಿ ಕೂಗುತ್ತ ಮೇಲೇಳುತ್ತದೆ. ನಮ್ಮ ತಲೆಯ ಮೇಲೆಯೇ ಸುತ್ತುತ್ತದೆ. ಎರಗಿ ಬಂದಂತೆ ಮಾಡಿ ಪಕ್ಕಕ್ಕೆ ಹೊರಳುತ್ತದೆ. ತುಸು ದೂರದಲ್ಲಿ ನೆಲಕ್ಕಿಳಿದು, ಅಲ್ಲಿಂದಲೂ ಕೂಗುತ್ತದೆ. ಕಣ್ಣಿನ ಮುಂದೆ ಕೆಂಪು ತೊಗಲಿನ ಜೋಲು, ಕಪ್ಪು ಎದೆ, ಕಂಚಿನ ಬಣ್ಣದ ಬೆನ್ನು, ಹಳದಿಯ ನೀಳವಾದ ಕಾಲು. ಪಂಚತಂತ್ರದಲ್ಲಿ ಸಮುದ್ರದೊಡನೆ ಜಗಳವಾಡಿದ ಟಿಟ್ಟಿಭ ಇದೇ. ಕನ್ನಡದಲ್ಲಿ ಇದನ್ನು ತೇನೆಹಕ್ಕಿಯೆಂದೂ ಕರೆಯುವುದುಂಟು.

ಇಷ್ಟು ಸಣ್ಣ ಹಕ್ಕಿಗೆ ಇಷ್ಟು ದೊಡ್ಡ ಗದ್ದಲವೇಕೆ? ಅಡಗಿ ಕುಳಿತಿದ್ದರೆ ನಾವು ಅದನ್ನು ಕಾಣುತ್ತಲೇ ಇರಲಿಲ್ಲವಲ್ಲ! ಆದರೆ ಅದರ ಉದ್ದೇಶವೇ ನಮಗೆ ಕಾಣಿಸಿಕೊಳ್ಳುವುದು. ನಮ್ಮ ಕಾಲಿನಿಂದ ಹತ್ತು ಮಾರು ದೂರದಲ್ಲಿ, ಮಣ್ಣಿನ ಸಣ್ಣ ತಗ್ಗಿನಲ್ಲಿ, ಬೆಣಚುಗಲ್ಲುಗಳ ನಡುವೆ ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆಗಳಿವೆ. ಅವು ಓಡಲಾರವು, ಕಾದಾಡಲಾರವು. ಅವುಗಳ ಪರವಾಗಿ ತಾಯಿತಂದೆಗಳು ಮಾಡಬಹುದಾದುದು ಒಂದೇ: ವೈರಿಯ ಗಮನವನ್ನು ತಮ್ಮ ಮೇಲೆ ಎಳೆದುಕೊಂಡು, ಅದನ್ನು ಅಲ್ಲಿಯೇ ಹಿಡಿದಿಡುವುದು.

ವಿಸ್ಮಯದ ಸಂಗತಿಯೆಂದರೆ, ಇದೇ ಕೆಲಸವನ್ನು ಇಂದು ಲೋಕದ ಅನೇಕ ತರುಣರು ಗಣಕಯಂತ್ರದ ತೆರೆಯ ಮುಂದೆ ಕುಳಿತು ಪ್ರತಿ ರಾತ್ರಿಯೂ ಅಭ್ಯಾಸ ಮಾಡುತ್ತಿದ್ದಾರೆ. ಅವರ ಆಟದಲ್ಲಿ ಈ ಕೆಲಸಕ್ಕೊಂದು ಹೆಸರುಂಟು, ನಿಯಮವುಂಟು, ಖಚಿತವಾದ ಗಣಿತವೂ ಉಂಟು. ಹಕ್ಕಿಯ ನಡತೆಯಲ್ಲಿ ನಮಗೆ ಮಸುಕಾಗಿ ಕಾಣುವ ಎಷ್ಟೋ ಅಂಶಗಳು ಆ ಗಣಿತದಲ್ಲಿ ಸ್ಫುಟವಾಗಿ ತೋರಿಬರುತ್ತವೆ. ಆದುದರಿಂದ ಮೊದಲು ಆಟವನ್ನು ನೋಡಿ, ಆಮೇಲೆ ಹೊಲಕ್ಕೆ ಹಿಂದಿರುಗೋಣ.

ಹಂಚಿಕೊಂಡ ಪಾತ್ರಗಳು

ದೂರದೂರದ ಊರುಗಳಲ್ಲಿರುವ ಆಟಗಾರರು ಅಂತರ್ಜಾಲದ ಮೂಲಕ ಒಂದೇ ಕಲ್ಪಿತ ಲೋಕವನ್ನು ಹೊಕ್ಕು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ಧರಿಸಿ ಆಡುವ ಆಟಗಳಿವೆ. ಇವುಗಳ ಮೂಲಪುರುಷನೆನ್ನಬಹುದಾದ ಆಟವನ್ನು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿಯು ಆರಂಭಿಸಿದನು. ಅವನ ಸಹಪಾಠಿ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದನು. ಅದರಲ್ಲಿ ಚಿತ್ರಗಳಿರಲಿಲ್ಲ, ಎಲ್ಲವೂ ಅಕ್ಷರಗಳಲ್ಲಿಯೇ ನಡೆಯುತ್ತಿತ್ತು. ಚಿತ್ರಗಳುಳ್ಳ ಆಟಗಳ ಪೈಕಿ 1999ರ ಎವರ್‌ಕ್ವೆಸ್ಟ್, 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬವು ಜಗತ್ಪ್ರಸಿದ್ಧವಾದುವು.

ಇಂಥ ಆಟಗಳಲ್ಲಿ ಭಯಂಕರವಾದ ಸರ್ಪವನ್ನೋ ರಾಕ್ಷಸನನ್ನೋ ಎದುರಿಸಬೇಕಾದಾಗ ಒಬ್ಬನಿಂದ ಆಗದು; ತಂಡ ಬೇಕು. ತಂಡದಲ್ಲಿ ಮೂರು ಬಗೆಯವರಿರುತ್ತಾರೆ. ಮೊದಲನೆಯವನು ದಪ್ಪ ಕವಚವನ್ನು ತೊಟ್ಟು ವೈರಿಯ ಎದುರಿಗೆ ನಿಂತು ಹೊಡೆತಗಳನ್ನು ತಿನ್ನುವವನು. ಎರಡನೆಯವನು ಹಿಂದೆ ನಿಂತು ಮಂತ್ರಬಲದಿಂದ ಗಾಯಗಳನ್ನು ಮಾಯಿಸುವ ಶುಶ್ರೂಷಕ. ಮೂರನೆಯವರು ಕತ್ತಿ, ಬಾಣ, ಬೆಂಕಿಗಳಿಂದ ವೈರಿಯನ್ನು ಬಡಿಯುವ ಹೊಡೆತಗಾರರು. ಕವಚಧಾರಿಯ ಹೊಡೆತಕ್ಕೆ ಹೆಚ್ಚು ಬಿರುಸಿಲ್ಲ. ಹೊಡೆತಗಾರರ ಮೈಗೆ ಹೆಚ್ಚು ಗಟ್ಟಿತನವಿಲ್ಲ. ಶುಶ್ರೂಷಕನಿಗೆ ಎರಡೂ ಇಲ್ಲ. ಒಬ್ಬೊಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವುದರಿಂದಲೇ ತಂಡವು ಬದುಕುತ್ತದೆ.

ಮೊದಲನೆಯವನನ್ನು ಆಟಗಾರರು ‘ಟ್ಯಾಂಕ್’ ಎನ್ನುತ್ತಾರೆ. ಇದು ನಾವು ನೀರು ತುಂಬಿಡುವ ಟ್ಯಾಂಕಲ್ಲ, ಯುದ್ಧದ ಟ್ಯಾಂಕು. ಆದರೂ ಎರಡಕ್ಕೂ ನಂಟು ಇದೆ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಬ್ರಿಟಿಷರು ಮೊಟ್ಟಮೊದಲು ಇಳಿಸಿದ ಉಕ್ಕಿನ ರಥಗಳನ್ನು ಗುಟ್ಟಾಗಿ ತಯಾರಿಸುವಾಗ, ಇವು ನೀರಿನ ತೊಟ್ಟಿಗಳೆಂದು ಹೇಳಿ ಮರೆಮಾಚಿದರು. ಗುಟ್ಟು ಬಯಲಾದರೂ ಹೆಸರು ಉಳಿಯಿತು.

ಈಗ ಒಂದು ಪ್ರಶ್ನೆ ಏಳುತ್ತದೆ. ವೈರಿಗೆ ಬುದ್ಧಿಯಿದ್ದರೆ ಅವನು ಗಟ್ಟಿ ಕವಚದವನನ್ನೇ ಏಕೆ ಗುದ್ದುತ್ತ ನಿಲ್ಲಬೇಕು? ಹಿಂದೆ ನಿಂತ ಬಡಪಾಯಿ ಶುಶ್ರೂಷಕನನ್ನು ಮೊದಲು ಮುಗಿಸಿದರೆ ಉಳಿದವರು ತಾವಾಗಿಯೇ ಬೀಳುತ್ತಾರಲ್ಲ! ಹಾಗಾಗದಂತೆ ನೋಡಿಕೊಳ್ಳುವುದೇ ಟ್ಯಾಂಕಿನ ಕೆಲಸ. ಪೆಟ್ಟು ತಿನ್ನುವುದು ಅದರ ಸುಲಭವಾದ ಅರ್ಧ. ಪೆಟ್ಟು ತನಗೇ ಬೀಳುವಂತೆ ಮಾಡಿಕೊಳ್ಳುವುದು ಕಷ್ಟದ ಅರ್ಧ.

ವೈರಿಯ ಉದ್ರಿ ವಹಿ

ಗೋಕಾಕದ ಪೇಟೆಯಲ್ಲಿ ಉದ್ರಿ ಕೊಡುವ ಅಂಗಡಿಕಾರನೊಬ್ಬನನ್ನು ನೆನೆದುಕೊಳ್ಳಿ. ಅವನ ವಹಿಯಲ್ಲಿ ಪ್ರತಿಯೊಬ್ಬ ಗಿರಾಕಿಗೂ ಒಂದೊಂದು ಪುಟ. ಸಕ್ಕರೆ ಒಯ್ದರೆ ಇಷ್ಟು, ಎಣ್ಣೆ ಒಯ್ದರೆ ಇಷ್ಟು ಎಂದು ಬಾಕಿ ಬೆಳೆಯುತ್ತದೆ. ವಸೂಲಿಗೆ ಹೊರಟಾಗ ಅವನು ಮೊದಲು ಯಾರ ಬಾಗಿಲು ತಟ್ಟುತ್ತಾನೆ? ಯಾರ ಪುಟದಲ್ಲಿ ಬಾಕಿ ಎಲ್ಲಕ್ಕಿಂತ ಹೆಚ್ಚಾಗಿದೆಯೋ ಅವರದನ್ನು.

ಆಟದ ರಾಕ್ಷಸನ ಮನಸ್ಸೂ ಇಂಥದೊಂದು ವಹಿಯೇ. ಅವನನ್ನು ಎದುರಿಸಿದ ಪ್ರತಿಯೊಬ್ಬನಿಗೂ ಅಲ್ಲಿ ಒಂದು ಪುಟವಿದೆ. ಯಾರು ಅವನಿಗೆ ಎಷ್ಟು ಕೇಡು ಮಾಡಿದರೋ ಅಷ್ಟು ಅಂಕ ಅವರ ಪುಟಕ್ಕೆ ಸೇರುತ್ತದೆ. ಇದನ್ನು ನಾವು ‘ಹಗೆಯ ಅಂಕ’ ಎನ್ನೋಣ. ಯಾರ ಪುಟದಲ್ಲಿ ಹಗೆಯ ಅಂಕ ಹೆಚ್ಚೋ ಅವರತ್ತ ರಾಕ್ಷಸನು ತಿರುಗುತ್ತಾನೆ. ಅವನಿಗೆ ಸಿಟ್ಟಿಲ್ಲ, ಕನಿಕರವಿಲ್ಲ, ಉಪಾಯವೂ ಇಲ್ಲ. ಇರುವುದು ಕೂಡಿಕೆಯ ಲೆಕ್ಕ ಮಾತ್ರ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಆರಂಭದ ವರ್ಷಗಳಲ್ಲಿ ಈ ವಹಿಯು ಆಟಗಾರರಿಗೆ ಕಾಣುತ್ತಿರಲಿಲ್ಲ. ಅದರ ನಿಯಮಗಳನ್ನು ಆಟಗಾರರು ಪ್ರಯೋಗಗಳಿಂದಲೇ ಕಂಡುಹಿಡಿದರೆಂಬುದು ವಿಜ್ಞಾನಾಸಕ್ತರಿಗೆ ಸ್ವಾರಸ್ಯದ ಸಂಗತಿ. ಒಬ್ಬನು ವೈರಿಗೆ ಗೊತ್ತಾದಷ್ಟು ಪೆಟ್ಟು ಕೊಟ್ಟು ಸುಮ್ಮನೆ ನಿಲ್ಲುವನು. ಇನ್ನೊಬ್ಬನು ಸಣ್ಣ ಸಣ್ಣ ಪೆಟ್ಟುಗಳನ್ನು ಎಣಿಸಿ ಕೊಡುತ್ತ ಹೋಗುವನು. ವೈರಿಯು ಯಾವ ಪೆಟ್ಟಿಗೆ ಮುಖ ತಿರುಗಿಸಿತೆಂಬುದನ್ನು ಗುರುತುಹಾಕಿಕೊಂಡು, ಎರಡು ಮೊತ್ತಗಳನ್ನು ಹೋಲಿಸುವರು. ಹೀಗೆ ನೂರಾರು ಸಲ. ಕಾಣದ ಗ್ರಹವನ್ನು ಕಾಣುವ ಗ್ರಹದ ಓಲಾಟದಿಂದ ಅಳೆದಂತೆ, ಕಾಣದ ವಹಿಯನ್ನು ಕಾಣುವ ಮುಖದ ತಿರುವಿನಿಂದ ಓದಿದರು. 2008ರಲ್ಲಿ ಆಟವೇ ಈ ಲೆಕ್ಕವನ್ನು ತೋರಿಸತೊಡಗಿತು.

ಅವರು ಕಂಡುಕೊಂಡ ನಿಯಮಗಳಲ್ಲಿ ಕೆಲವನ್ನು ಇಲ್ಲಿ ಹೇಳಬಹುದು. ಒಂದು ಅಂಕದ ಪೆಟ್ಟಿಗೆ ಒಂದು ಅಂಕದ ಹಗೆ. ಆದರೆ ಆರಂಭದ ಆಟದಲ್ಲಿ ರಕ್ಷಣೆಯ ನಿಲುವಿನಲ್ಲಿ ನಿಂತ ಯೋಧನ ಹಗೆಯು ಶೇಕಡಾ 30ರಷ್ಟು ಹೆಚ್ಚಾಗಿ ಬೀಳುತ್ತಿತ್ತು. ಅವನು 100 ಅಂಕದಷ್ಟು ಹೊಡೆದರೆ ವಹಿಯಲ್ಲಿ 130. ಅದೂ ಸಾಲದೆಂಬಂತೆ, ಪೆಟ್ಟೇ ಇಲ್ಲದೆ ಬರಿಯ ಹಗೆಯನ್ನು ಬೆಳೆಸುವ ಕೆಲವು ವಿದ್ಯೆಗಳೂ ಅವನಲ್ಲಿವೆ. ಗಾಯ ಮಾಯಿಸುವವನೂ ಹಗೆಗೆ ಹೊರತಲ್ಲ: ಮಾಯಿಸಿದ ಪ್ರತಿ ಎರಡು ಅಂಕಕ್ಕೆ ಒಂದು ಅಂಕದ ಹಗೆ ಅವನ ಪುಟಕ್ಕೆ ಸೇರುತ್ತದೆ.

ಎಲ್ಲಕ್ಕಿಂತ ಜಾಣತನದ ನಿಯಮವೆಂದರೆ ಮುಖ ತಿರುಗುವ ಮಿತಿಯದು. ಟ್ಯಾಂಕಿನ ಪುಟದಲ್ಲಿ 1000 ಅಂಕವಿದ್ದು, ಹೊಡೆತಗಾರನದು 1001 ಆದ ಮಾತ್ರಕ್ಕೆ ವೈರಿಯು ತಿರುಗುವುದಿಲ್ಲ. ಬಳಿಯಲ್ಲಿ ನಿಂತು ಹೊಡೆಯುವವನು 110 ಶೇಕಡಾವನ್ನು, ಅಂದರೆ 1100ನ್ನು ಮೀರಬೇಕು. ದೂರದಿಂದ ಬಾಣ ಬಿಡುವವನು 130 ಶೇಕಡಾವನ್ನು, ಅಂದರೆ 1300ನ್ನು ಮೀರಬೇಕು. ಈ ಅಂತರವೇಕೆ? ಅದಿಲ್ಲದಿದ್ದರೆ ಸಮಸಮವಾಗಿ ಏರುವ ಇಬ್ಬರ ನಡುವೆ ವೈರಿಯು ಕ್ಷಣಕ್ಕೊಮ್ಮೆ ಅತ್ತಿತ್ತ ಹೊರಳುತ್ತ ಹುಚ್ಚನಾಗುತ್ತಿದ್ದನು. ಮನೆಯ ಮೇಲಿನ ನೀರಿನ ತೊಟ್ಟಿಗೆ ತಾನಾಗಿ ನೀರೇರಿಸುವ ಪಂಪನ್ನು ನೋಡಿದವರಿಗೆ ಇದು ಹೊಸತಲ್ಲ. ನೀರು ತಳಕ್ಕಿಳಿದಾಗ ಪಂಪು ಹೊರಡುತ್ತದೆ, ಕಂಠಕ್ಕೇರಿದಾಗ ನಿಲ್ಲುತ್ತದೆ. ಹೊರಡುವ ಮಟ್ಟವೂ ನಿಲ್ಲುವ ಮಟ್ಟವೂ ಒಂದೇ ಆಗಿದ್ದರೆ ಒಂದು ತಂಬಿಗೆ ನೀರಿಗೂ ಅದು ಹೊರಟು ನಿಂತು, ಹೊರಟು ನಿಂತು, ಸುಟ್ಟುಹೋಗುತ್ತಿತ್ತು.

ಕಾಯುವುದೂ ಒಂದು ಕೆಲಸ

ಈ ಲೆಕ್ಕದಿಂದ ಒಂದು ಅನಿರೀಕ್ಷಿತ ನೀತಿ ಹೊರಡುತ್ತದೆ. ವೈರಿಯ ಗಮನವನ್ನು ಹಿಡಿದಿಡುವುದು ಟ್ಯಾಂಕೊಬ್ಬನ ಕೈಯಲ್ಲಿಲ್ಲ. ಅದು ಅವನ ಗೆಳೆಯರ ಸಂಯಮವನ್ನೂ ಅವಲಂಬಿಸಿದೆ.

ಎಣಿಕೆಯ ಸೌಕರ್ಯಕ್ಕಾಗಿ, ಟ್ಯಾಂಕು ಒಂದು ಸೆಕೆಂಡಿಗೆ 200 ಅಂಕದ ಹಗೆಯನ್ನು ಗಳಿಸುವನೆಂದೂ ಕತ್ತಿಯ ಹೊಡೆತಗಾರನು 260 ಅಂಕ ಗಳಿಸುವನೆಂದೂ ಭಾವಿಸೋಣ. ಇಬ್ಬರೂ ಒಟ್ಟಿಗೆ ತೊಡಗಿದರೆ ಮೊದಲ ಸೆಕೆಂಡಿನಲ್ಲಿಯೇ ಹೊಡೆತಗಾರನು 110 ಶೇಕಡಾವನ್ನು ಮೀರುವನು. ವೈರಿಯು ಅವನತ್ತ ತಿರುಗಿ ಒಂದೆರಡು ಗುದ್ದಿಗೆ ಕೆಡವುವನು. ಅದೇ ಹೊಡೆತಗಾರನು 4 ಸೆಕೆಂಡು ಸುಮ್ಮನೆ ನಿಂತು ಆಮೇಲೆ ತೊಡಗಿದರೆ? 26ನೆಯ ಸೆಕೆಂಡಿಗೆ ಟ್ಯಾಂಕಿನ ಪುಟದಲ್ಲಿ 5200. ಅದರ 110 ಶೇಕಡಾ 5720. ಹೊಡೆತಗಾರನು ತೊಡಗಿ 22 ಸೆಕೆಂಡಾಗಿದ್ದರಿಂದ ಅವನದೂ ಸರಿಯಾಗಿ 5720. ಅಲ್ಲಿಯವರೆಗೆ ಅವನು ಕ್ಷೇಮ. ನಾಲ್ಕು ಸೆಕೆಂಡುಗಳ ತಾಳ್ಮೆಯು ಇಪ್ಪತ್ತೆರಡು ಸೆಕೆಂಡುಗಳ ಕಾಳಗವನ್ನು ಕೊಂಡುಕೊಟ್ಟಿತು!

ಅಲ್ಲಿಂದ ಮುಂದೆ ಅವನು ಕೈ ನಿಧಾನಿಸಬೇಕು. ಇಲ್ಲವೆ ತನ್ನ ಪುಟವನ್ನು ಅಳಿಸಿಕೊಳ್ಳುವ ಉಪಾಯವನ್ನು ಹೂಡಬೇಕು. ಬೇಟೆಗಾರನ ಪಾತ್ರದವನಿಗೆ ಸತ್ತಂತೆ ಬೀಳುವ ವಿದ್ಯೆಯಿದೆ. ಅವನು ಬಿದ್ದೊಡನೆ ವೈರಿಯು ಅವನ ಬಾಕಿಯನ್ನು ಮರೆಯುತ್ತಾನೆ. ಎದ್ದು ಬಂದಾಗ ಹೊಸ ಪುಟ, ಸೊನ್ನೆಯಿಂದ ಲೆಕ್ಕ.

ಕಷ್ಟವು ಹೆಚ್ಚುವುದು ವೈರಿಗಳು ಹಲವರಾದಾಗ. ಮೂವರು ರಾಕ್ಷಸರು ಒಟ್ಟಿಗೆ ಬಂದರೆನ್ನಿ. ಮೂವರಿಗೂ ಬೇರೆ ಬೇರೆ ವಹಿಗಳು. ಅನುಭವವಿಲ್ಲದ ಟ್ಯಾಂಕು ಮೊದಲನೆಯವನನ್ನೇ ಬಡಿಯುತ್ತ 1000 ಅಂಕ ಗಳಿಸಿ ಹಿಗ್ಗುತ್ತಾನೆ. ಅಷ್ಟರಲ್ಲಿ ಶುಶ್ರೂಷಕನು ಅವನ ಗಾಯಗಳಲ್ಲಿ 1200 ಅಂಕದಷ್ಟನ್ನು ಮಾಯಿಸಿದ್ದಾನೆ. ಅದರ ಅರ್ಧ 600. ಅದು ಮೂರು ವಹಿಗಳಿಗೂ ಸಮನಾಗಿ ಹಂಚಿಹೋಗಿ ಒಂದೊಂದರಲ್ಲಿ 200. ಮೊದಲನೆಯ ರಾಕ್ಷಸನ ವಹಿಯಲ್ಲಿ 1000ದ ಮುಂದೆ 200 ಏನೂ ಅಲ್ಲ. ಆದರೆ ಎರಡನೆಯವನ ಮತ್ತು ಮೂರನೆಯವನ ವಹಿಗಳಲ್ಲಿ ಟ್ಯಾಂಕಿನ ಪುಟವೇ ಖಾಲಿ! ಆ ಇಬ್ಬರೂ ನೇರವಾಗಿ ಶುಶ್ರೂಷಕನ ಮೇಲೆ ಬೀಳುತ್ತಾರೆ. ಅವನು ಯಾರಿಗೂ ಒಂದು ಏಟನ್ನೂ ಹಾಕಿರಲಿಲ್ಲ; ಗೆಳೆಯನ ಗಾಯ ಕಟ್ಟಿದ್ದೇ ಅವನ ಅಪರಾಧ. ಶುಶ್ರೂಷಕನು ಬಿದ್ದರೆ ಟ್ಯಾಂಕಿನ ಗಾಯ ಮಾಯದು. ಟ್ಯಾಂಕು ಬಿದ್ದರೆ ಉಳಿದವರು ನಿಲ್ಲರು. ಆದುದರಿಂದ ಒಬ್ಬನನ್ನೇ ಗಟ್ಟಿಯಾಗಿ ಹಿಡಿಯುವುದಕ್ಕಿಂತ ಎಲ್ಲರ ವಹಿಯಲ್ಲಿಯೂ ತನ್ನ ಹೆಸರನ್ನು ಬರೆಸಿಡುವುದು ಮೇಲು ಎಂಬುದು ಬಲ್ಲ ಟ್ಯಾಂಕಿನ ಮೊದಲ ಪಾಠ.

ಎರಡನೆಯ ಪಾಠ ದಿಕ್ಕಿನದು. ಅದೇ ಆಟದಲ್ಲಿ ಒನಿಕ್ಸಿಯಾ ಎಂಬ ಹೆಣ್ಣು ಮಹಾಸರ್ಪವುಂಟು. ಅದು ತನ್ನ ಮುಖದ ಮುಂದಿರುವ ಎಲ್ಲರ ಮೇಲೂ ಬೆಂಕಿಯುಗುಳುತ್ತದೆ. ಟ್ಯಾಂಕು ಅದರ ಮುಖವನ್ನು ಗೆಳೆಯರಿಗೆ ವಿಮುಖವಾಗುವಂತೆ ತಿರುಗಿಸಿ ನಿಲ್ಲಿಸಬೇಕು. ಆತುರದ ಹೊಡೆತಗಾರನೊಬ್ಬನು ಮಿತಿಯನ್ನು ಮೀರಿದರೆ ಸರ್ಪವು ಅವನತ್ತ ತಲೆ ಹೊರಳಿಸುತ್ತದೆ. ಉಗುಳಿದ ಬೆಂಕಿಯಲ್ಲಿ ಅವನೊಬ್ಬನೇ ಬೇಯುವುದಿಲ್ಲ, ಅವನ ಅಕ್ಕಪಕ್ಕದವರೂ ಬೇಯುತ್ತಾರೆ.

ಕೆಣಕಿನ ಕರೆ

ಇಷ್ಟೆಲ್ಲ ಎಚ್ಚರಿಕೆಯಿದ್ದರೂ ಕೈತಪ್ಪುವುದುಂಟು. ಅಂಥ ಸಮಯಕ್ಕೆಂದು ಟ್ಯಾಂಕಿನ ಬಳಿ ಒಂದು ವಿಶೇಷ ವಿದ್ಯೆಯಿದೆ. ಅದನ್ನು ‘ಕೆಣಕು’ ಎನ್ನಬಹುದು. ಅದನ್ನು ಪ್ರಯೋಗಿಸಿದ ಕ್ಷಣದಲ್ಲಿ, ವೈರಿಯ ವಹಿಯಲ್ಲಿ ಯಾರದು ಎಲ್ಲಕ್ಕಿಂತ ಹೆಚ್ಚಿನ ಅಂಕವೋ ಅಷ್ಟಕ್ಕೆ ಟ್ಯಾಂಕಿನ ಅಂಕವೂ ಏರುತ್ತದೆ. ಹೊಡೆತಗಾರನದು 6000, ಟ್ಯಾಂಕಿನದು 5200 ಇದ್ದರೆ ಇವನದೂ 6000 ಆಗುತ್ತದೆ. ಜೊತೆಗೆ, ಆರಂಭದ ಆಟದಲ್ಲಿ, ಮೂರು ಸೆಕೆಂಡುಗಳವರೆಗೆ ವೈರಿಯು ಬೇರೆ ಯಾರನ್ನೂ ಹೊಡೆಯುವಂತಿರಲಿಲ್ಲ. ಆ ಮೂರು ಸೆಕೆಂಡಿನೊಳಗೆ ಟ್ಯಾಂಕು ಮತ್ತಷ್ಟು ಅಂಕ ಗಳಿಸಿ ಹಿಡಿತವನ್ನು ಭದ್ರಪಡಿಸಿಕೊಳ್ಳಬೇಕು. ಕೆಣಕು ಕಾಲಾವಕಾಶವನ್ನು ಕೊಡುತ್ತದೆಯೇ ಹೊರತು ಜಯವನ್ನಲ್ಲ.

ಒಂದು ಮಾತಿಗೆ ವೈರಿಯು ಹೀಗೆ ಕಟ್ಟುಬೀಳುವುದು ಕೃತಕವೆಂದು ಕೆಲವರಿಗೆ ತೋರಬಹುದು. ಆದರೆ ಭಾರತದ ಕಥೆಯನ್ನು ಬಲ್ಲ ನಮಗೆ ಇದು ಹೊಸದಾಗಿ ಕಾಣಬೇಕಾಗಿಲ್ಲ. ದ್ರೋಣಪರ್ವದಲ್ಲಿ ಧರ್ಮರಾಯನನ್ನು ಸೆರೆಹಿಡಿಯಲು ದ್ರೋಣನಿಗೆ ಅಡ್ಡಿಯಾಗಿದ್ದವನು ಅರ್ಜುನನೊಬ್ಬನೇ. ಅವನನ್ನು ಸೋಲಿಸುವುದು ಆಗದ ಮಾತು. ಆದರೆ ಅವನಿಗೊಂದು ವ್ರತವಿತ್ತು: ಯುದ್ಧಕ್ಕೆ ಕರೆದವರನ್ನು ಬಿಟ್ಟು ಹಿಂದಿರುಗಲಾರನು. ತ್ರಿಗರ್ತದ ಸುಶರ್ಮನೂ ಅವನ ಸಂಶಪ್ತಕರೂ ಪ್ರಾಣವನ್ನೇ ಪಣವಿಟ್ಟು ಅವನನ್ನು ಕಾಳಗಕ್ಕೆ ಕರೆದರು. ಅವರು ಅರ್ಜುನನಿಗಿಂತ ಬಲಶಾಲಿಗಳಾಗಿರಲಿಲ್ಲ. ಅವನ ನಿಯಮವನ್ನು ಬಲ್ಲವರಾಗಿದ್ದರು, ಅಷ್ಟೆ. ಹದಿಮೂರನೆಯ ದಿನ ಅವರೊಡನೆ ಅರ್ಜುನನು ದೂರದಲ್ಲಿ ಕಾದಾಡುತ್ತಿದ್ದಾಗ ಇಲ್ಲಿ ಚಕ್ರವ್ಯೂಹದೊಳಗೆ ಅಭಿಮನ್ಯುವು ಒಬ್ಬಂಟಿಯಾಗಿ ಬಿದ್ದನು.

ವೈರಿಯ ಗಮನವನ್ನು ಹಿಡಿಯುವ ವಿದ್ಯೆಯ ತಿರುಳು ಇಲ್ಲಿದೆ. ಬಲದಿಂದ ಗಮನವನ್ನು ಹಿಡಿಯಲಾಗುವುದಿಲ್ಲ. ವೈರಿಯು ಯಾವ ನಿಯಮದಂತೆ ನಡೆಯುತ್ತಾನೋ ಆ ನಿಯಮದಿಂದಲೇ ಅವನನ್ನು ಕಟ್ಟಬೇಕು. ರಾಕ್ಷಸನಿಗೆ ವಹಿ, ಅರ್ಜುನನಿಗೆ ವ್ರತ. ಹಾಗಾದರೆ ಹೊಲದ ಹಕ್ಕಿಯು ಬಳಸುವ ನಿಯಮ ಯಾವುದು?

ಹಕ್ಕಿಯ ಜಾಣ್ಮೆ

ನರಿ, ನಾಯಿ, ಮುಂಗುಸಿಗಳಂಥ ಬೇಟೆಯ ಪ್ರಾಣಿಗಳಿಗೆ ಒಂದು ನಿಯಮವಿದೆ: ಸುಲಭವಾಗಿ ಸಿಕ್ಕುವುದನ್ನು ಮೊದಲು ಹಿಡಿ. ಗಾಯಗೊಂಡ ಹಕ್ಕಿಗಿಂತ ಸುಲಭವಾದ ಬೇಟೆ ಯಾವುದು? ನದಿಯ ಮರಳುದಿಣ್ಣೆಗಳಲ್ಲಿ ಮೊಟ್ಟೆಯಿಡುವ, ಕೊರಳಿಗೆ ಕಪ್ಪು ಪಟ್ಟಿಯುಳ್ಳ ಒಂದು ಪುಟ್ಟ ಹಕ್ಕಿಯು ಈ ನಿಯಮವನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ವೈರಿಯು ಗೂಡಿನತ್ತ ಬಂದಾಗ ಅದು ರೆಕ್ಕೆ ಮುರಿದಂತೆ ಎಳೆಯುತ್ತ, ಬಾಲವನ್ನು ಹರಡಿ, ಕುಂಟುತ್ತ ಓಡುತ್ತದೆ. ಆಸೆಗೊಂಡ ನಾಯಿಯು ಬೆನ್ನಟ್ಟುತ್ತದೆ. ಇನ್ನೇನು ಬಾಯಿಗೆ ಬಿತ್ತು ಎನ್ನುವಷ್ಟರಲ್ಲಿ ಮತ್ತೆ ನಾಲ್ಕು ಮಾರು ಮುಂದೆ. ಗೂಡಿನಿಂದ ಸಾಕಷ್ಟು ದೂರ ಸೆಳೆದ ಮೇಲೆ ಮುರಿದ ರೆಕ್ಕೆ ತಟ್ಟನೆ ನೆಟ್ಟಗಾಗಿ ಹಕ್ಕಿ ಹಾರಿಹೋಗುತ್ತದೆ! ಆಟದ ಬೇಟೆಗಾರನು ಸತ್ತಂತೆ ನಟಿಸಿ ಗಮನವನ್ನು ಕಳೆದುಕೊಂಡರೆ, ಈ ಹಕ್ಕಿಯು ಗಾಯಗೊಂಡಂತೆ ನಟಿಸಿ ಗಮನವನ್ನು ಗಳಿಸುತ್ತದೆ.

ಇದು ಬರಿಯ ಗಾಬರಿಯ ಒದ್ದಾಟವಲ್ಲವೆ ಎಂದು ಸಂಶಯಪಡುವವರುಂಟು. ಅಮೆರಿಕದ ಸಂಶೋಧಕಿ ಕ್ಯಾರೊಲಿನ್ ರಿಸ್ಟೌ ಅವರು ಇದೇ ಬಳಗಕ್ಕೆ ಸೇರಿದ, ಕಡಲತೀರದ ಒಂದು ಹಕ್ಕಿಯನ್ನು ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದ ಬರಹವು ಇದಕ್ಕೆ ಉತ್ತರ ಕೊಡುತ್ತದೆ. ಕುಂಟುವ ಹಕ್ಕಿಯು ಕುಂಟುತ್ತಲೇ ವೈರಿಯತ್ತ ನೋಡುತ್ತಿರುತ್ತದೆ. ವೈರಿಯು ಹಿಂಬಾಲಿಸದಿದ್ದರೆ ಹಿಂದಕ್ಕೆ ಬಂದು, ಹತ್ತಿರದಲ್ಲಿ, ಇನ್ನಷ್ಟು ಜೋರಾಗಿ ನಟಿಸುತ್ತದೆ. ಹಿಂದೊಮ್ಮೆ ಗೂಡಿಗೆ ಅಪಾಯಕರವಾಗಿ ಬಂದಿದ್ದ ಮನುಷ್ಯನಿಗೂ ದೂರದಿಂದ ಹಾದುಹೋಗಿದ್ದ ಮನುಷ್ಯನಿಗೂ ಅದು ಬೇರೆ ಬೇರೆ ಬಗೆಯಲ್ಲಿ ಪ್ರತಿಕ್ರಿಯೆ ತೋರಿಸುತ್ತದೆ. ಟ್ಯಾಂಕು ತೆರೆಯ ಮೇಲಿನ ಅಂಕವನ್ನು ಕ್ಷಣಕ್ಷಣಕ್ಕೂ ನೋಡಿಕೊಳ್ಳುವಂತೆ, ಹಿಡಿತ ಉಳಿದಿದೆಯೇ ಎಂದು ಹಕ್ಕಿಯೂ ನೋಡಿಕೊಳ್ಳುತ್ತದೆಯೆಂದಾಯಿತು.

ಇನ್ನೂ ಒಂದು ಸೂಕ್ಷ್ಮವುಂಟು. ಮೇಯುತ್ತ ಬರುವ ದನಕ್ಕೆ ಮುರಿದ ರೆಕ್ಕೆಯಿಂದ ಏನಾಗಬೇಕು? ಅದು ಮಾಂಸ ತಿನ್ನುವುದಿಲ್ಲ; ಅದರ ನಿಯಮವೇ ಬೇರೆ. ಉತ್ತರ ಅಮೆರಿಕದ ಕಿಲ್‌ಡಿಯರ್ ಎಂಬ ಹಕ್ಕಿಯು ದನವೋ ಕುದುರೆಯೋ ಬಂದಾಗ ಕುಂಟುವುದಿಲ್ಲ. ರೆಕ್ಕೆ ಬಾಲಗಳನ್ನು ಹರಡಿ, ಅದರ ಮೋರೆಗೇ ಎದುರಾಗಿ ನುಗ್ಗಿ, ಬೆದರಿಸಿ ದಾರಿ ಬದಲಿಸುವಂತೆ ಮಾಡುತ್ತದೆ. ವೈರಿ ಬದಲಾದರೆ ಉಪಾಯವೂ ಬದಲಾಗುತ್ತದೆ.

ನಮ್ಮ ಟಿಟ್ಟಿಭವು ಹೆಚ್ಚಾಗಿ ನೆಚ್ಚುವುದು ಕೂಗನ್ನೂ ಎರಗುವುದನ್ನೂ. ಗಂಡೂ ಹೆಣ್ಣೂ ಸರದಿಯ ಮೇಲೆ ಕಾವು ಕೊಡುತ್ತವೆ. ಒಂದು ಗೂಡಿನಲ್ಲಿದ್ದಾಗ ಇನ್ನೊಂದು ಕಾವಲಿರುತ್ತದೆ. ಮಾರ್ಚಿಯಿಂದ ಆಗಸ್ಟಿನವರೆಗೆ ಇವುಗಳ ಗೂಡಿನ ಕಾಲ. ಕಾವಿನ ಅವಧಿ ಸುಮಾರು ನಾಲ್ಕು ವಾರ. ಬಿಸಿಲು ಸುಡುವಾಗ ಇವು ನೀರಿಗೆ ಹೋಗಿ, ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು, ಮೊಟ್ಟೆಗಳನ್ನು ತಂಪಾಗಿಸುವುದೂ ಉಂಟು. ಮರಿಗಳು ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ನಡೆಯಬಲ್ಲವು. ತಾಯಿಯ ಎಚ್ಚರಿಕೆಯ ಕೂಗು ಕೇಳಿದೊಡನೆ ನೆಲಕ್ಕೆ ಅಂಟಿಕೊಂಡು ಅಲುಗಾಡದೆ ಕೂರುವುವು. ವೈರಿಯ ಕಣ್ಣು ತಮ್ಮ ಮೇಲೆ ಬೀಳದಂತೆ ಸುಮ್ಮನಿರುವ ಈ ಮರಿಗಳ ಸಂಯಮವೂ, ನಾಲ್ಕು ಸೆಕೆಂಡು ಕಾಯುವ ಹೊಡೆತಗಾರನ ಸಂಯಮವೂ ಒಂದೇ ಜಾತಿಯವು. ಗಮನವನ್ನು ಸೆಳೆಯುವವನ ಪ್ರಯತ್ನ ಫಲಿಸಬೇಕಾದರೆ ಉಳಿದವರು ಗಮನವನ್ನು ಸೆಳೆಯಬಾರದು.

ವಹಿಯಿಲ್ಲದ ವೈರಿ

ಇಷ್ಟು ಜಾಣ್ಮೆಗೂ ಒಂದು ಕೊನೆಯುಂಟು. ಆಟಗಾರರೇ ಪರಸ್ಪರ ಕಾದಾಡುವ ಪಂದ್ಯಗಳಲ್ಲಿ ಟ್ಯಾಂಕಿನ ಹಗೆಯ ಅಂಕಗಳಿಗೆ ಬೆಲೆಯಿಲ್ಲ. ಎದುರಿಗಿರುವವನು ಮನುಷ್ಯ, ಅವನ ತಲೆಯಲ್ಲಿ ವಹಿಯಿಲ್ಲ. ಅವನು ಟ್ಯಾಂಕನ್ನು ಬದಿಗಿಟ್ಟು ನೇರವಾಗಿ ಶುಶ್ರೂಷಕನತ್ತ ನುಗ್ಗುತ್ತಾನೆ. ನಿಯಮ ಬದಲಾದೊಡನೆ ವಿದ್ಯೆಯು ಬರಿದಾಗುತ್ತದೆ.

ಕಲ್ಲೋಳಿಯ ಹೊಲದಲ್ಲಿಯೂ ಈಗ ಆಗುತ್ತಿರುವುದು ಇದೇ. ಗೋಕಾಕ ಸೀಮೆಯಲ್ಲಿ ಹಕ್ಕಿಗಳಿಗೆಂದೇ ಮೀಸಲಾದ ಜಾಗವಿಲ್ಲವೆಂದಲ್ಲ. ಧೂಪದಾಳದ ಬಳಿ 1974ರಲ್ಲಿ ಘೋಷಿತವಾದ ಘಟಪ್ರಭಾ ಪಕ್ಷಿಧಾಮವಿದೆ. ಆದರೆ ಟಿಟ್ಟಿಭವು ಪಕ್ಷಿಧಾಮದ ಎಲ್ಲೆಯನ್ನು ಕೇಳಿ ಗೂಡು ಮಾಡುವ ಹಕ್ಕಿಯಲ್ಲ. ಅದಕ್ಕೆ ಬೇಕಾದುದು ಬಯಲು. ಮುಂಗಾರಿಗೆ ಮೊದಲು ರೈತನು ನೆಲವನ್ನು ಹದಮಾಡುವ ಕಾಲವೂ ಅದರ ಮೊಟ್ಟೆಯ ಕಾಲವೂ ಒಂದೇ ಆಗಿ ಬರುತ್ತವೆ. ಎತ್ತುಗಳು ಕುಂಟೆ ಎಳೆಯುತ್ತಿದ್ದಾಗ ಹಕ್ಕಿಯು ಅವುಗಳ ಮೋರೆಗೆ ಎರಗಬಹುದಾಗಿತ್ತು. ಎತ್ತು ಬೆದರಿ ನಿಂತರೆ, ಹಿಂದೆ ನಡೆಯುವವನು ನೆಲವನ್ನು ನೋಡುತ್ತಿದ್ದನು. ಟ್ರ್ಯಾಕ್ಟರಿಗೆ ಬೆದರುವ ಕಣ್ಣಿಲ್ಲ. ಅದರ ಗಾಲಿಗೆ ವ್ರತವಿಲ್ಲ, ಹಸಿವಿಲ್ಲ, ಹಗೆಯ ವಹಿಯೂ ಇಲ್ಲ. ಹಕ್ಕಿಯು ಎಷ್ಟು ಕೂಗಿದರೂ ಎಷ್ಟು ಎರಗಿದರೂ ಗಾಲಿಯು ತನ್ನ ಸಾಲನ್ನು ಬಿಟ್ಟು ಹೊರಳುವುದಿಲ್ಲ. ಲಕ್ಷಾಂತರ ವರ್ಷಗಳಲ್ಲಿ ರೂಢಿಸಿದ ವಿದ್ಯೆಯು ಇದರ ಮುಂದೆ ನಿಷ್ಫಲ.

ಆದರೆ ಗಾಲಿಯ ಮೇಲೆ ಕುಳಿತವನಿಗೆ ಗಮನವಿದೆ. ಆ ಕೂಗನ್ನು ಅವನು ಅಪಶಕುನವೆಂದೋ ಬರಿಯ ಗದ್ದಲವೆಂದೋ ತಿಳಿಯದೆ, ಅದರ ಅರ್ಥವನ್ನು ಬಲ್ಲವನಾದರೆ ಎಲ್ಲವೂ ಬದಲಾಗುತ್ತದೆ. ಹಕ್ಕಿಯು ಎಲ್ಲಿ ಕೂಗುತ್ತಿದೆಯೋ ಅಲ್ಲಿ ಮೊಟ್ಟೆಯಿರುವುದಿಲ್ಲ. ಅದು ನಮ್ಮನ್ನು ಎಲ್ಲಿಂದ ಎಳೆದೊಯ್ಯಲು ಹವಣಿಸುತ್ತಿದೆಯೋ ಅಲ್ಲಿರುತ್ತದೆ. ಯಂತ್ರವನ್ನು ನಿಲ್ಲಿಸಿ ದೂರದಿಂದಲೇ ನೋಡಿದರೆ, ಹಕ್ಕಿಯು ಸ್ವಲ್ಪ ಹೊತ್ತಿಗೆ ತಾನೇ ಗೂಡಿಗೆ ನಡೆದುಬಂದು ಜಾಗವನ್ನು ತೋರಿಸಿಕೊಡುತ್ತದೆ. ಅದರಿಂದ ನಾಲ್ಕಾರು ಹೆಜ್ಜೆ ಆಚೆಗೆ ಒಂದು ಕೋಲನ್ನು ನೆಟ್ಟು ಗುರುತುಮಾಡಿ, ಮಂಚದಗಲದ ನೆಲವನ್ನು ಬಿಟ್ಟು ಸುತ್ತಿ ಹೋದರೆ ಸಾಕು. ಮೊಟ್ಟೆಗಳನ್ನು ಮುಟ್ಟಬೇಕಾಗಿಲ್ಲ, ಎತ್ತಿ ಬೇರೆಡೆಗೆ ಇಡಬೇಕಾಗಿಲ್ಲ. ಬಹಳ ಹೊತ್ತು ಅಲ್ಲಿ ನಿಲ್ಲಲೂಬಾರದು. ನಾವು ನಿಂತಷ್ಟು ಹೊತ್ತೂ ಮೊಟ್ಟೆಗಳು ಬಿಸಿಲಿನಲ್ಲಿ ಬೇಯುತ್ತಿರುತ್ತವೆ. ಹೆಚ್ಚೆಂದರೆ ನಾಲ್ಕು ವಾರದ ಮಾತು. ಮರಿಗಳು ನಡೆದುಹೋದ ಮೇಲೆ ಆ ತುಂಡು ನೆಲವನ್ನೂ ಹರಗಬಹುದು.

ಆಟದ ಟ್ಯಾಂಕು ಗೆದ್ದಾಗ ಅವನ ಗೆಳೆಯರಿಗೆ ಅವನು ಮಾಡಿದ ಕೆಲಸವೇ ಕಾಣುವುದಿಲ್ಲ; ತಮಗೆ ಪೆಟ್ಟು ಬೀಳಲಿಲ್ಲವೆಂಬುದಷ್ಟೇ ಅವರಿಗೆ ಗೊತ್ತು. ಟಿಟ್ಟಿಭವೂ ಹಾಗೆಯೇ. ಅದು ಗೆದ್ದ ದಿನ ನಮಗೆ ಕಾಣುವುದು ಏನೂ ಇಲ್ಲದ ಒಂದು ಹೊಲ. ಮುಂದಿನ ಸಲ ಬೇಸಗೆಯ ಬಯಲಿನಲ್ಲಿ ಆ ಕೂಗು ತಲೆಯ ಮೇಲೆ ಕೇಳಿಬಂದಾಗ ವಾಚಕರು ಒಂದು ಕ್ಷಣ ನಿಂತು, ಹಕ್ಕಿಯನ್ನು ನೋಡುವುದನ್ನು ಬಿಟ್ಟು ತಮ್ಮ ಕಾಲಬುಡವನ್ನು ನೋಡಿಕೊಳ್ಳಲಿ.